ಡಂಪ್ ಮೇಲೆ ಹಸಿರು ನಿಲ್ಲಬೇಕೆ? ಮೊದಲು ನೀರಿಗೆ ದಾರಿ ಮಾಡಿ

ಸಂಡೂರು ಭಾಗದ ಗುಡ್ಡಗಳಲ್ಲಿ ಅದಿರು ತೆಗೆದ ಮೇಲೆ ಉಳಿಯುವ ಮಣ್ಣು, ಕಲ್ಲಿನ ರಾಶಿಗೆ ಗಣಿಯವರು ಹೇಳುವುದು ಡಂಪ್ ಎಂದು. ಟಿಪ್ಪರ್ ಸುರಿದಂತೆಯೇ ಬಿಟ್ಟರೆ ಅದರ ಇಳಿಜಾರು ಸುಮಾರು 37 ಡಿಗ್ರಿ ಇರುತ್ತದೆ. ಜೂನ್‌ನಲ್ಲಿ ಅದರ ಮೇಲೆ ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಸೆಪ್ಟೆಂಬರ್ ಮಳೆಗೆ ಸಸಿಯೂ ಗುಂಡಿಯೂ ಹಳ್ಳ ಸೇರಿರುತ್ತವೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಗಣಿ ಮತ್ತೆ ಶುರುವಾಗಲು ಸುಪ್ರೀಂ ಕೋರ್ಟ್ 2013ರಲ್ಲಿ ಕೆಟ್ಟ ನೆಲವನ್ನು ಸರಿಪಡಿಸುವ ಪುನಶ್ಚೇತನ ಯೋಜನೆಯನ್ನೇ ಷರತ್ತಾಗಿಸಿತು. ಆದರೆ ಕಾಗದದ ಯೋಜನೆ ನೆಲದಲ್ಲಿ ನಿಲ್ಲುವುದು ಕೆಲಸದ ಕ್ರಮ ಸರಿಯಿದ್ದಾಗ ಮಾತ್ರ.

ಕೆಲಸ ಕೆಳಗಿನಿಂದ ಶುರುವಾಗಲಿ. ಡಂಪ್‌ನ ಬುಡದಲ್ಲಿ ಕಲ್ಲಿನ ತಡೆಗೋಡೆ ಅಥವಾ ತಂತಿಬಲೆಯಲ್ಲಿ ಕಲ್ಲು ತುಂಬಿದ ಗ್ಯಾಬಿಯನ್, ಅದರಾಚೆ ಹೂಳು ತಂಗುವ ಕೊಳ. ಇವೆರಡೂ ಆಗುವ ಮುನ್ನ ಮೇಲೆ ಜೆಸಿಬಿ ಹತ್ತಿಸಿದರೆ ಸಡಿಲವಾದ ಮಣ್ಣೆಲ್ಲ ಕೆಳಗಿನ ಹೊಲಕ್ಕೆ ಇಳಿಯುತ್ತದೆ. ಸಿಮೆಂಟ್ ಗೋಡೆಯಾದರೆ ನೀರು ಸೋರುವ ಕಿಂಡಿಗಳನ್ನು ಬಿಡಿ. ಕಿಂಡಿಯಿಲ್ಲದ ಗೋಡೆ ಉರುಳುವುದು ಮಣ್ಣಿನ ಭಾರಕ್ಕಿಂತ ಹಿಂದೆ ನಿಂತ ನೀರಿನ ಒತ್ತಡಕ್ಕೆ.

ಆಮೇಲೆ ಇಳಿಜಾರನ್ನು 28 ಡಿಗ್ರಿಗೆ ತಗ್ಗಿಸಬೇಕು. ಅಂದರೆ ಒಂದು ಮೀಟರ್ ಎತ್ತರಕ್ಕೆ ಅಡ್ಡಕ್ಕೆ ಸುಮಾರು 1.9 ಮೀಟರ್; ಅಳೆಯಲು ಟೇಪು, ನೀರುಮಟ್ಟದ ಕೊಳವೆ ಸಾಕು. ಎತ್ತರದ ಡಂಪ್ ಆದರೆ ನಡುನಡುವೆ ಮೆಟ್ಟಿಲು ಕಡಿಯಿರಿ. ಹೆಚ್ಚಿನವರು ಎಡವುವುದು ಇಲ್ಲೇ: ಮೆಟ್ಟಿಲಿನ ತಳ ಹೊರಕ್ಕೆ ವಾಲಿದರೆ ನೀರು ಅಂಚು ದಾಟಿ ಧುಮುಕುತ್ತದೆ, ಬೆರಳಗಲದ ಗೀರು ಒಂದೇ ಮಳೆಗಾಲದಲ್ಲಿ ಆಳೆತ್ತರದ ಕೊರಕಲಾಗುತ್ತದೆ. ತಳ ಗುಡ್ಡದ ಕಡೆಗೇ ಶೇ 2ರಿಂದ 3ರಷ್ಟು ವಾಲಿರಲಿ. ಒಳಬದಿಯ ಕಾಲುವೆ ಉದ್ದಕ್ಕೆ ಶೇ 0.5ರಷ್ಟು ಇಳಿದು, ಕಲ್ಲು ಹಾಸಿದ ಇಳಿಗಾಲುವೆಯನ್ನು ಸೇರಲಿ.

ಕಾಲುವೆಯ ಅಳತೆಯನ್ನು ಊಹೆಗೆ ಬಿಡಬೇಡಿ. ಎರಡು ಹೆಕ್ಟೇರ್ ಡಂಪ್ ಮೇಲೆ ಗಂಟೆಗೆ 60 ಮಿ.ಮೀ. ಮಳೆ ಸುರಿದು, ಅದರಲ್ಲಿ ಶೇ 60ರಷ್ಟು ಹರಿದುಬಂದರೆ ಸೆಕೆಂಡಿಗೆ 200 ಲೀಟರ್ ನೀರು. ತಳ 50 ಸೆಂ.ಮೀ., ಆಳ 50 ಸೆಂ.ಮೀ., ಪಕ್ಕ 45 ಡಿಗ್ರಿ ಓರೆಯಿರುವ ಕಲ್ಲುಹಾಸಿನ ಕಾಲುವೆ ಇದನ್ನು ಹೊತ್ತೂ ಮೇಲೆ ಸುಮಾರು 15 ಸೆಂ.ಮೀ. ಉಳಿಸಿಕೊಳ್ಳುತ್ತದೆ. ಆ ಒಂದು ಗಂಟೆಯ ನೀರು 720 ಘನ ಮೀಟರ್. ಕೊಳ 24 ಮೀಟರ್ ಉದ್ದ, 20 ಮೀಟರ್ ಅಗಲ, ಒಂದೂವರೆ ಮೀಟರ್ ಆಳವಿದ್ದರೆ ಅಷ್ಟು ಹಿಡಿಯುತ್ತದೆ. ನಡುವೆ ಒಡ್ಡು ಹಾಕಿ ಎರಡು ಭಾಗ ಮಾಡಿ; ನುಣುಪಾದ ಕೆಂಪು ಹುಡಿ ಅಷ್ಟು ಬೇಗ ತಂಗುವುದಿಲ್ಲ.

ಇನ್ನು ಹಸಿರು. ಟಿಪ್ಪರ್ ಓಡಿ ಗಟ್ಟಿಯಾದ ಸಮತಟ್ಟು ಜಾಗವನ್ನು ಇಳಿಜಾರಿಗೆ ಅಡ್ಡಲಾಗಿ 60 ಸೆಂ.ಮೀ. ಆಳ ಸೀಳಿ, ತೆಗೆದಿಟ್ಟ ಮೇಲ್ಮಣ್ಣು ಹರಡಿ. ಮೇಲ್ಮಣ್ಣಿನ ರಾಶಿ ಒಂದೂವರೆ, ಎರಡು ಮೀಟರ್ ಮೀರಬಾರದು. ಮೀರಿದರೆ ಒಳಗೆ ಗಾಳಿಯಾಡದೆ ಸೂಕ್ಷ್ಮಜೀವಿಗಳು ಸತ್ತು, ಉಳಿಯುವುದು ಬರೀ ಮಣ್ಣು. ಇಳಿಜಾರಿಗೆ ತೆಂಗಿನ ನಾರಿನ ಬಲೆ ಹೊದಿಸಿ: ಮೇಲಂಚನ್ನು 30 ಸೆಂ.ಮೀ. ಚರಂಡಿಯಲ್ಲಿ ಹೂತು, ಒಂದರ ಮೇಲೊಂದು 15 ಸೆಂ.ಮೀ. ಬರುವಂತೆ ಹಾಸಿ, ಮೀಟರಿಗೊಂದು ಗೂಟ ಹೊಡೆಯಿರಿ. ಬಲೆ ಮಣ್ಣಿಗೆ ಅಂಟಿರಬೇಕು. ಎದ್ದು ನಿಂತರೆ ಅದರಡಿಯೇ ನೀರು ಓಡುತ್ತದೆ.

ಬಲೆಗೆ ಮುಂಚೆ ಹುಲ್ಲಿನ ಬೀಜ, ಸ್ಟೈಲೋ ಎಂಬ ಮೇವಿನ ಗಿಡದ ಬೀಜ ಎರಚಿ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ, 80 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ನಾಲ್ಕು ನಿಮಿಷ ಅದ್ದದಿದ್ದರೆ ಬಹುಪಾಲು ಮೊಳೆಯದು. ಅಂಚುಗಳಿಗೆ ಲಾವಂಚ, ಗೇಣಿಗಿಂತ ಹತ್ತಿರ ಹತ್ತಿರ. ಗುಂಡಿಗಳನ್ನು ಮೇ ಒಳಗೇ ತೆಗೆದಿಡಿ: 45 ಸೆಂ.ಮೀ. ಚೌಕ, ಅಷ್ಟೇ ಆಳ, ಐದು ಕಿಲೊ ಕೊಟ್ಟಿಗೆ ಗೊಬ್ಬರ. ಎರಡೂವರೆ ಮೀಟರ್ ಅಂತರದಲ್ಲಿ ಹೆಕ್ಟೇರಿಗೆ 1,600 ಸಸಿ. ಹೊಂಗೆ, ಬೇವು, ಕಮರ, ಸೀತಾಫಲ, ಬಂದರಿಕೆ ನಡೆಯುತ್ತವೆ. ಬಳ್ಳಾರಿ ಜಾಲಿಯನ್ನು ಯಾರೂ ನೆಡಬೇಕಿಲ್ಲ, ಆಡುಗಳೇ ಕಾಯಿ ತಿಂದು ಬಿತ್ತುತ್ತವೆ.

ಮೊದಲ ದೊಡ್ಡ ಮಳೆಯ ಮರುದಿನವೇ ಮೇಲಿನಿಂದ ಕೆಳಗೆ ನಡೆದು ನೋಡಿ. ಮೊಣಕೈಯಾಳದ ಕೊರಕಲನ್ನು ಅಂದೇ ಕಲ್ಲು ತುಂಬಿ ಮುಚ್ಚಬಹುದು; ತಿಂಗಳು ಬಿಟ್ಟರೆ ಮತ್ತೆ ಜೆಸಿಬಿಯೇ ಬೇಕು. ಕೊಳದ ಹೂಳನ್ನು ಏಪ್ರಿಲ್‌ನಲ್ಲಿ ತೆಗೆದು ಸಮತಟ್ಟು ಜಾಗದಲ್ಲಿ ಹರಡಿ, ಇಳಿಜಾರಿನ ಮೇಲಲ್ಲ. ಅಲ್ಲಿ ಸುರಿದದ್ದು ಮೊದಲ ಮಳೆಗೇ ಕೊಳಕ್ಕೆ ವಾಪಸು ಬರುತ್ತದೆ.