ಆರ್‌ಎಕ್ಸ್ 100 ಬೈಕಿನ ಉಸಿರು ಸರಿಮಾಡಿದ ಕಥೆ: ಒಂಬತ್ತು ಸಾವಿರ ಹೋಯ್ತು, ಸಾವಿರದ ನಾನೂರರಲ್ಲಿ ಕೆಲಸ ಆಯ್ತು

ಹೋದ ಭಾನುವಾರ ಬಾಮೈದನನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿದೆ. ನಂದಿಗೆ ಹೋಗುವ ತಿರುವಿನವರೆಗೂ ಮೂರನೇ ಗೇರು ಬಿಡಲಿಲ್ಲ. ಮೊದಲೆಲ್ಲ ಅದೇ ಏರಿನಲ್ಲಿ ಎರಡಕ್ಕೆ ಇಳಿಸದಿದ್ದರೆ ಗಾಡಿ ಬಿಕ್ಕಳಿಸುತ್ತಿತ್ತು. ಇಳಿದವನೇ ಕೇಳಿದ, "ಭಾವ, ಪೋರ್ಟಿಂಗ್ ಮಾಡಿಸಿದ್ರಾ?" ಇಲ್ಲ. ಪೋರ್ಟ್, ಅಂದರೆ ಸಿಲಿಂಡರಿನ ಗಾಳಿ-ಹೊಗೆ ದಾರಿಗೆ ಗ್ರೈಂಡರ್ ತಾಗಿಸಿಲ್ಲ, ಸೈಲೆನ್ಸರ್ ಬಿಚ್ಚಿಲ್ಲ. ಗಾಳಿ ಒಳಗೆ ಹೋಗುವ ದಾರಿ ಮಾತ್ರ ಸರಿಮಾಡಿದ್ದೇನೆ. ಖರ್ಚು ಸಾವಿರದ ನಾನೂರರ ಆಸುಪಾಸು.

ಆ ಸಾವಿರದ ನಾನೂರಕ್ಕೆ ಬರುವ ಮುಂಚೆ ಹೆಚ್ಚೂಕಡಿಮೆ ಒಂಬತ್ತು ಸಾವಿರ ಕಳೆದಿದ್ದೇನೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನನ್ನದು 1994ರ ಮಾಡೆಲ್ ಯಮಹಾ, ಟೂ ಸ್ಟ್ರೋಕ್ ಗಾಡಿ. ಎಲ್ಲರ ಹಾಗೆ ನಾನೂ ಶುರು ಮಾಡಿದ್ದು ಕಾರ್ಬುರೇಟರಿಗೆ ನೇರ ಸಿಕ್ಕಿಸುವ ಕೋನ್ ಏರ್ ಫಿಲ್ಟರಿನಿಂದ. ಆರುನೂರೈವತ್ತು ರೂಪಾಯಿ. ಕಂಪನಿಯ ಫಿಲ್ಟರ್ ಕೂರುವ ಏರ್ ಬಾಕ್ಸ್ ಪೂರ್ತಿ ಕಿತ್ತು ಅಟ್ಟಕ್ಕೆ ಎಸೆದೆ. ಸೌಂಡ್ ಬಂತು ನೋಡಿ, ಎರಡು ದಿನ ಊರೆಲ್ಲ ಸುತ್ತಿದೆ. ಗಾಳಿ ಹೆಚ್ಚಿದ ಮೇಲೆ ಜೆಟ್, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ತಿರುಪು, ಬದಲಾಯಿಸಬೇಕು ಅಂತ ಗೊತ್ತಿತ್ತು, ಮುಂದಿನ ವಾರ ಮಾಡೋಣ ಅಂದುಕೊಂಡೆ. ಮೂರನೇ ದಿನ ಹುಣಸೂರು ರಸ್ತೆಯಲ್ಲಿ ಇಲವಾಲ ದಾಟಿದ ಮೇಲೆ ಫುಲ್ ಥ್ರಾಟಲ್‌ನಲ್ಲಿ ಹೋಗುತ್ತಿದ್ದಾಗ ಎಂಜಿನ್ ದನಿ ಸಣ್ಣಗಾಯಿತು. ಆಮೇಲೆ ಹಿಂದಿನ ಚಕ್ರ ಕಿರ್ರ್ ಅಂತ ಹಿಡಿದುಕೊಂಡಿತು. ಕ್ಲಚ್ ಒತ್ತಿದ್ದರಿಂದ ಬದುಕಿದೆ. ಪಿಸ್ಟನ್ ಎಕ್ಸಾಸ್ಟ್ ಕಡೆ ಉದ್ದಕ್ಕೆ ಗೀರಿಕೊಂಡು ಬಂದಿತ್ತು. ಪಿಸ್ಟನ್ ಕಿಟ್, ರೀಬೋರ್, ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ ನಾಲ್ಕೂವರೆ ಸಾವಿರ ಹೋಯಿತು. ಆಟೋಲ್ಯೂಬ್ ಪಂಪಿನಿಂದ ಎಂಜಿನಿಗೆ ಆಯಿಲ್ ಸರಿಯಾಗಿಯೇ ಬರುತ್ತಿತ್ತು. ಆಯಿಲ್ ಇದ್ದರೂ ಲೀನ್ ಆದರೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದಿದ್ದರೆ, ಬಿಸಿ ತಡೆಯಲ್ಲ.

ಆಮೇಲೆ ಜೆಟ್ ಹುಚ್ಚು ಹತ್ತಿತು. ಹಳೇ ಮೇನ್ ಜೆಟ್‌ಗಳನ್ನು ಪಿನ್ ಡ್ರಿಲ್ಲಿನಲ್ಲಿ ಕೊರೆದೆ. ಕೊರೆದ ಜೆಟ್ ಒಂದರ ಹಾಗೆ ಒಂದಿರಲ್ಲ, ತೂತಿನ ಒಳಗೆ ಬರ್, ಅಂದರೆ ಲೋಹದ ಚೂರಂಚು, ನಿಲ್ಲುತ್ತದೆ. ದಯವಿಟ್ಟು ಆ ಕೆಲಸ ಮಾಡಬೇಡಿ. ನಂಬರ್ ಇರುವ ಜೆಟ್ ಆರೇಳು ತಂದೆ, ಅವೇ ಸಾವಿರ ದಾಟಿದವು. ಫುಲ್ ಥ್ರಾಟಲ್‌ನಲ್ಲಿ ಸರಿಯಾದರೆ ಮಧ್ಯದಲ್ಲಿ ಕೆಮ್ಮುತ್ತದೆ, ಮಧ್ಯ ಸರಿಯಾದರೆ ಪ್ಲಗ್ ಇದ್ದಿಲಾಗುತ್ತದೆ. ಮೈಲೇಜ್ ಇಪ್ಪತ್ನಾಲ್ಕಕ್ಕೆ ಬಂತು. ಸಾಲದ್ದಕ್ಕೆ ಸೈಡ್ ಪ್ಯಾನೆಲ್ ಹಿಂದೆ ಕೂತ ಕೋನ್ ಸಿಲಿಂಡರಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ, ಮಳೆ ಬಂದರೆ ನೀರು ಕುಡಿಯುತ್ತದೆ. ಹತ್ತಿರದ ಗ್ಯಾರೇಜಿನ ಮೇಸ್ತ್ರಿ ಅವತ್ತೇ ಅಂದಿದ್ದರು, "ಸಾರ್, ಕಂಪನಿಯವರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಾ? ಇದ್ದಂಗೆ ಬಿಡಿ, ಇಲ್ಲಾಂದ್ರೆ ಮಾರಿಬಿಡಿ." ಎರಡೂ ಮಾಡಲಿಲ್ಲ. ಅಟ್ಟದಿಂದ ಏರ್ ಬಾಕ್ಸ್ ಇಳಿಸಿ ವಾಪಸ್ ಕೂರಿಸಿದೆ.

ಆದರೂ ಗಾಡಿ ಮೊದಲಿನ ಹಾಗೆ ಓಡಲಿಲ್ಲ. ಬಿಸಿಯಾದ ಮೇಲೆ ಐಡ್ಲಿಂಗ್ ತಾನಾಗಿಯೇ ಏರುತ್ತಿತ್ತು. ಅಲ್ಲಿಂದಲೇ ನನಗೆ ದಾರಿ ಸಿಕ್ಕಿದ್ದು.

ಒಂದು ರಾತ್ರಿ ಮ್ಯಾನಿಫೋಲ್ಡ್, ಅಂದರೆ ಕಾರ್ಬುರೇಟರಿನಿಂದ ಎಂಜಿನಿಗೆ ಹೋಗುವ ಕೊಳವೆ, ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ಹಿಂದೆ ಯಾರೋ ಕೈಯಲ್ಲಿ ಕತ್ತರಿಸಿ ಹಾಕಿದ ಗ್ಯಾಸ್ಕೆಟ್ ಒಂದೂವರೆ ಮಿಲಿಮೀಟರ್ ಒಳಕ್ಕೆ ಚಾಚಿಕೊಂಡು ದಾರಿಗೆ ಅಡ್ಡ ನಿಂತಿತ್ತು. ಬೆರಳು ಆಡಿಸಿದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಮ್ಯಾನಿಫೋಲ್ಡ್ ಮುಖವೂ ಡೊಂಕು. ಗಾಜಿನ ಮೇಲಿಟ್ಟು ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಏಳುತ್ತಿತ್ತು. ಬೋಲ್ಟನ್ನು ಮಿತಿ ಮೀರಿ ಬಿಗಿದವರ ಕೆಲಸ ಅದು. ಕಾರ್ಬುರೇಟರ್ ಕೂರುವ ರಬ್ಬರ್ ಮೇಲಿಂದ ಚೆನ್ನಾಗಿತ್ತು. ಮಡಚಿದಾಗ ಕ್ಲಿಪ್ ಕೂರುವ ಜಾಗದಲ್ಲಿ ಬಿರುಕು ಬಾಯಿ ತೆರೆಯಿತು. ಅಂದರೆ ಇಷ್ಟು ದಿನ ಎಂಜಿನ್ ಕಾರ್ಬುರೇಟರ್ ದಾಟಿದ ಮೇಲೂ ಕಳ್ಳಗಾಳಿ ಎಳೆಯುತ್ತಿತ್ತು. ಯಾವ ಜೆಟ್ ಹಾಕಿದರೂ ಲೆಕ್ಕ ತಪ್ಪುತ್ತಿದ್ದದ್ದು ಅದಕ್ಕೇ.

ಕೆಲಸ ಮಾಡಿದ್ದು ಒಂದೂವರೆ ದಿನ. ದಪ್ಪ ಗಾಜಿನ ಮೇಲೆ ಎಮ್ರಿ ಪೇಪರ್ ಅಂಟಿಸಿ, ಎಂಟರ ಆಕಾರದಲ್ಲಿ ಉಜ್ಜಿ ಮ್ಯಾನಿಫೋಲ್ಡ್ ಮುಖ ಸಮ ಮಾಡಿದೆ. ಎಲ್ಲ ಕಡೆ ಒಂದೇ ಹೊಳಪು ಬರುವ ತನಕ ಬಿಡಲಿಲ್ಲ. ಗ್ಯಾಸ್ಕೆಟ್ ಹೊಸದಾಗಿ ಕತ್ತರಿಸಿ, ಅಂಚು ಒಳಗೆ ಬಾರದಂತೆ ಅರ್ಧ ಮಿಲಿಮೀಟರ್ ಹಿಂದಕ್ಕೆ ಇಟ್ಟೆ. ರಬ್ಬರ್ ಒರಿಜಿನಲ್ಲೇ ಹುಡುಕಿ ತಂದೆ. ಸುಮಾರು ಏಳುನೂರು ಅದಕ್ಕೇ ಆಯಿತು, ಆದರೆ ಇಲ್ಲಿ ಜುಗ್ಗತನ ಬೇಡ. ಡೂಪ್ಲಿಕೇಟ್ ರಬ್ಬರ್ ಒಂದನ್ನು ಮೊದಲು ಹಾಕಿದ್ದೆ, ಪೆಟ್ರೋಲ್ ತಾಗಿ ಎರಡು ತಿಂಗಳಲ್ಲಿ ಉಬ್ಬಿಕೊಂಡಿತು. ಏರ್ ಫಿಲ್ಟರಿನ ಫೋಮ್ ಹೊಸದು ಹಾಕಿ, 2ಟಿ (ಟೂ ಸ್ಟ್ರೋಕ್) ಆಯಿಲಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದೆ.

ಕೂರಿಸಿದ ಮೇಲೆ ಐಡ್ಲಿಂಗ್‌ನಲ್ಲಿ ಜಾಯಿಂಟ್ ಸುತ್ತ ಡಬ್ಲ್ಯುಡಿ-40 ಹೊಡೆದು ನೋಡಿದೆ. ದನಿ ಬದಲಾಗಲಿಲ್ಲ. ನಿಮ್ಮದರಲ್ಲಿ ಬದಲಾದರೆ ಅಲ್ಲೇ ಲೀಕ್. ಅಲ್ಲಿ ಏನೂ ಸಿಗದೆ ಐಡ್ಲಿಂಗ್ ಮಾತ್ರ ಏರುತ್ತಿದ್ದರೆ ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲ್, ಅಂದರೆ ಕ್ರ್ಯಾಂಕ್ ಸುತ್ತ ಗಾಳಿ ತಡೆಯುವ ರಬ್ಬರ್ ಬಳೆ, ನೋಡಿ.

ಇಷ್ಟಕ್ಕೇ ಗಾಡಿ ಬೇರೆಯೇ ಆಯಿತು. ನಿಜ ಹೇಳಬೇಕೆಂದರೆ ಇದರಲ್ಲಿ ಮುಕ್ಕಾಲು ಪಾಲು ಮಾಡಿಫಿಕೇಶನ್ ಅಲ್ಲ, ರಿಪೇರಿ. ಈ 98 ಸಿಸಿಗೆ ಕಂಪನಿ ಕೊಟ್ಟಿದ್ದೇ 11 ಕುದುರೆ. ಮೂವತ್ತು ವರ್ಷದಲ್ಲಿ ಅದರಲ್ಲಿ ಎಷ್ಟೋ ಸೋರಿಹೋಗಿರುತ್ತದೆ. ಮೊದಲು ಅದನ್ನು ವಾಪಸ್ ತರಬೇಕು, ಆಮೇಲೆ ಹೆಚ್ಚಿಗೆ ಕೇಳಬೇಕು.

ಹೆಚ್ಚಿಗೆ ಕೇಳಿದ್ದು ಒಂದೇ ಕಡೆ. ಏರ್ ಬಾಕ್ಸ್ ಮುಚ್ಚಳದಲ್ಲಿ, ಮಳೆನೀರು ಹೋಗದ ಕಡೆ ನೋಡಿ ಹನ್ನೆರಡು ಮಿಲಿಮೀಟರಿನ ಎರಡು ತೂತು. ನಾಲ್ಕು ಕೊರೆದು ನೋಡಿದ್ದೆ, ಅರ್ಧ ಥ್ರಾಟಲ್‌ನಲ್ಲಿ ಸಪ್ಪೆಯಾಯಿತು, ಎರಡನ್ನು ಎಂ-ಸೀಲ್ ಹಾಕಿ ಮುಚ್ಚಿದೆ. ಅದಕ್ಕೆ ತಕ್ಕ ಹಾಗೆ ಮೇನ್ ಜೆಟ್ ಸ್ವಲ್ಪ ದೊಡ್ಡದು ಮಾಡಿದೆ. ನಂಬರ್ ಹೇಳುವುದಿಲ್ಲ. ನನ್ನ ನಂಬರ್ ನಿಮ್ಮ ಗಾಡಿಗೆ ಹಾಕಿ ಪಿಸ್ಟನ್ ಹಿಡಿದುಕೊಂಡು ಸೀಜ್ ಆದರೆ ನನಗೆ ನಿದ್ದೆ ಬರಲ್ಲ. ಮೂರನೇ ಗೇರಿನಲ್ಲಿ ಒಂದು ಕಿಲೋಮೀಟರ್ ಫುಲ್ ಎಳೆದು, ಕೀ ಆಫ್ ಮಾಡಿ, ಅದೇ ಕ್ಷಣ ಕ್ಲಚ್ ಹಿಡಿದು ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಹಾಲು ಜಾಸ್ತಿ ಹಾಕಿದ ಟೀ ಬಣ್ಣ ಬರಬೇಕು. ಬಿಳಿ ಕಂಡರೆ ಅಲ್ಲಿಂದ ನಿಧಾನಕ್ಕೆ ಮನೆಗೆ ಬನ್ನಿ.

ಈ ಮಧ್ಯೆ ರೀಡ್ ವಾಲ್ವ್, ಅಂದರೆ ಒಳಗೆ ಹೋದ ಗಾಳಿ ವಾಪಸ್ ಬಾರದಂತೆ ತಡೆಯುವ ತೆಳು ಎಲೆಗಳ ಕವಾಟ, ಅದರ ಮೇಲೂ ಕೈಯಿಟ್ಟೆ. ನನ್ನ ಕೆಲಸ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಲೇತ್ ಮೇಲೆ. ಸ್ಕ್ರ್ಯಾಪಿನಲ್ಲಿ ಗ್ಲಾಸ್ ಎಪಾಕ್ಸಿ ಶೀಟ್ ಸಿಕ್ಕಿತು, ಪೇಪರಿನಷ್ಟು ತೆಳ್ಳಗಿನದು. ಸ್ಟೀಲ್ ಎಲೆಗಳನ್ನೇ ಅಚ್ಚು ಇಟ್ಟು ಕತ್ತರಿಸಿದೆ. ಕಡಿಮೆ ವೇಗದ ಎಳೆತ ಮೃದುವಾಯಿತು, ಟ್ರಾಫಿಕ್ಕಿನಲ್ಲಿ ಬಹಳ ಹಿತ. ಮೊದಲ ಜೊತೆ ಆರುನೂರು ಕಿಲೋಮೀಟರಿಗೆ ಅಂಚು ಸಿಬಿರೆದ್ದಿತು. ಎರಡನೇ ಜೊತೆ ಮೂರು ಸಾವಿರ ದಾಟಿದೆ, ಈಗಲೂ ಗಟ್ಟಿ. ಅಂಚಿಗೆ ಏನು ಹಚ್ಚಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ನಾಲ್ಕನೇ ಗೇರಿನಲ್ಲಿ 50ರಿಂದ 80ಕ್ಕೆ ಮೊದಲು ಹತ್ತೂವರೆ ಸೆಕೆಂಡಿನ ಸುತ್ತ ಬರುತ್ತಿತ್ತು, ಈಗ ಒಂಬತ್ತರ ಆಚೀಚೆ. ಅದೇ ರಸ್ತೆ, ಬೆಳಗ್ಗೆ ಆರೂವರೆ, ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ. ಸ್ಟಾಪ್‌ವಾಚ್ ಬಾಮೈದನ ಕೈಯಲ್ಲಿ. ಮೈಲೇಜ್ ಕೋನ್ ಕಾಲದ ಇಪ್ಪತ್ನಾಲ್ಕರಿಂದ ನಲವತ್ತಕ್ಕೆ ಬಂದು ನಿಂತಿದೆ. ಟಾಪ್ ಸ್ಪೀಡ್ ಏನೂ ಏರಿಲ್ಲ. ಏರಿಸಿದೆ ಅನ್ನುವವರು ಮೀಟರ್ ಬಿಟ್ಟು ಜಿಪಿಎಸ್ ನೋಡಲಿ.

ಒಂದು ಎಚ್ಚರ ಮಾತ್ರ ಬೇಕು. ನನ್ನ ಜೆಟ್ ಮೈಸೂರಿನ ಎತ್ತರಕ್ಕೆ, ಅಂದರೆ ಏಳುನೂರೆಪ್ಪತ್ತು ಮೀಟರಿಗೆ ಕೂತಿದೆ. ಮಂಗಳೂರಿಗೆ ಇಳಿದಾಗ ಪ್ಲಗ್ ಬೆಳ್ಳಗಾಗತೊಡಗಿತು. ಸಮುದ್ರದ ಮಟ್ಟದಲ್ಲಿ ಗಾಳಿ ದಟ್ಟ, ಅದೇ ಜೆಟ್ ಲೀನ್ ಆಗುತ್ತದೆ. ಒಂದು ನಂಬರ್ ಏರಿಸಿದೆ. ಮುಳ್ಳಯ್ಯನಗಿರಿಗೆ ಹೋದಾಗ ಉಲ್ಟಾ. ಸಾವಿರದ ಎಂಟುನೂರು ಮೀಟರ್ ದಾಟಿದ ಮೇಲೆ ಹೊಗೆ ಕಾರಿಕೊಂಡು ಮಂಕಾಯಿತು. ಈಗ ಟೂಲ್ ಕಿಟ್‌ನಲ್ಲಿ ಪುಟ್ಟ ಡಬ್ಬಿಯಲ್ಲಿ ಮೂರು ಜೆಟ್ ಇಟ್ಟುಕೊಂಡೇ ಹೊರಡುತ್ತೇನೆ.

ಮೊನ್ನೆ ಅದೇ ಮೇಸ್ತ್ರಿ ಗಾಡಿ ಒಂದು ರೌಂಡ್ ಹೊಡೆದು ಬಂದರು. ಏನೂ ಮಾತಾಡದೆ ಸೈಡ್ ಪ್ಯಾನೆಲ್ ತೆಗೆದು ಕೂತು ನೋಡಿದರು. ಆಮೇಲೆ, "ಸಾರ್, ಆ ಗಾಜು ಎಲ್ಲಿ ಸಿಗುತ್ತೆ?" ಎಂದರು. ನಾಳೆ ಸಂಜೆ ಅವರ ಗ್ಯಾರೇಜಿಗೆ ಬಂದ ಎರಡು ಮ್ಯಾನಿಫೋಲ್ಡ್ ನನ್ನ ಮನೆ ಮುಂದೆ ಉಜ್ಜುವುದಿದೆ. ಒಂದಂತೂ ಫೋಟೋದಲ್ಲೇ ಬಾಳೆಕಾಯಿ ಹಾಗೆ ಬಾಗಿದೆ.