ಟಿಫಿನ್ ಡಬ್ಬಿಯಿಂದ ಬೆಂಕಿಪೊಟ್ಟಣಕ್ಕೆ: ದೋಣಿಯ ಅಲಾರಂ ಸಣ್ಣದಾದ ಕತೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಕುಮಟಾದಲ್ಲಿರುವ ನನ್ನ ರಿಪೇರಿ ಅಂಗಡಿಗೆ ಬಿಡುವು ಸಿಗುವುದೂ ಆಗಲೇ. ತದಡಿಯ ತಾಂಡೇಲರೊಬ್ಬರ, ಅಂದರೆ ದೋಣಿ ನಡೆಸುವವರೊಬ್ಬರ, ದೋಣಿಯ ತಳದಲ್ಲಿ ನೀರು ತುಂಬಿದರೆ ಕೂಗುವ ಅಲಾರಂ ಒಂದನ್ನು ಹಿಂದಿನ ವರ್ಷವೇ ಮಾಡಿಕೊಟ್ಟಿದ್ದೆ. ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ ಕೂರಿಸಿದ್ದ ಅದು ಕೆಲಸವನ್ನೇನೋ ಮಾಡುತ್ತಿತ್ತು. ಆದರೆ ಕ್ಯಾಬಿನ್‌ನಲ್ಲಿ ಅದಕ್ಕೆ ಜಾಗವಿಲ್ಲ, ಮುಚ್ಚಳದ ಸಂದಿಯಿಂದ ಉಪ್ಪುಗಾಳಿ ಒಳಗೆ. ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಪೂರ್ತಿ ಮುಳುಗಿಸಿಬಿಡುವಷ್ಟು ಸಣ್ಣದು ಮಾಡಬೇಕೆಂದು ಹೊರಟೆ.

ಮೊದಲು ಕಂಪ್ಯೂಟರಿನಲ್ಲಿ ಎಲ್‌ಟಿಸ್ಪೈಸ್ ತೆರೆದೆ. ಸರ್ಕ್ಯೂಟನ್ನು ಬೆಸೆಯುವ ಮೊದಲೇ ಪರದೆಯ ಮೇಲೆ ಓಡಿಸಿ ನೋಡುವ ತಂತ್ರಾಂಶ ಅದು. 1973ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಸ್ಪೈಸ್‌ನ ವಂಶದ್ದು ಇದು, ದುಡ್ಡು ಕೊಡಬೇಕಿಲ್ಲ. ಸರ್ಕ್ಯೂಟ್ ಬರೆಯುವುದು ಸುಲಭ. ನೀರನ್ನು ಬರೆಯುವುದು ಹೇಗೆ? ಎರಡು ಸ್ಟೇನ್‌ಲೆಸ್ ಕಂಬಿಗಳ ತುದಿ ಮುಳುಗಿಸಿ, 1000 ಹರ್ಟ್ಸ್ ಎಸಿ ಕೊಟ್ಟು ಅವುಗಳ ನಡುವಿನ ರೋಧ ಅಳೆದೆ. ಸಮುದ್ರದ ನೀರಿಗೆ 40 ಓಮ್ ಆಸುಪಾಸು ಬಂತು. ಮಾಡಿನಿಂದ ಬಿದ್ದ ಮಳೆನೀರಿಗೆ 40 ಕಿಲೋ-ಓಮ್! ದೋಣಿಯ ತಳದಲ್ಲಿ ಸೇರುವುದು ಎರಡೂ. ಮಳೆಗಾಲದಲ್ಲಿ ಅಘನಾಶಿನಿಯ ಅಳಿವೆಯೇ ಸಪ್ಪೆಯಾಗಿರುತ್ತದೆ. ಹಾಗಾಗಿ 20 ಓಮ್‌ನಿಂದ 100 ಕಿಲೋ-ಓಮ್‌ವರೆಗೆ ಯಾವುದಿದ್ದರೂ ‘ನೀರು’ ಎಂದೇ ಲೆಕ್ಕ ಹಿಡಿದೆ. ಡಿಸಿ ಕೊಟ್ಟರೆ ಕಂಬಿ ಕೆಲವೇ ವಾರದಲ್ಲಿ ತಿಂದುಹೋಗುತ್ತದೆ. ಅದು ಹಳೆಯ ಪಾಠ, ಹಿಂದಿನ ವರ್ಷವೇ ಕಲಿತದ್ದು.

ಇನ್ನೊಂದು ವಿಷಯ ತಡ. ದೋಣಿ ಅಲೆ ಏರಿದಾಗ ತಳದ ಸ್ವಲ್ಪ ನೀರೂ ಹಿಂದಕ್ಕೆ ಹರಿದು ಕಂಬಿ ಮುಟ್ಟುತ್ತದೆ. ಮುಟ್ಟಿದ ಕೂಡಲೇ ಕೂಗಬಾರದು. ಒಂಬತ್ತು ಸೆಕೆಂಡಾದರೂ ಬಿಡದೆ ನೀರು ನಿಂತಿರಬೇಕು. 1 ಮೆಗಾ-ಓಮ್ ರೆಸಿಸ್ಟರ್ ಮೂಲಕ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ನಿಧಾನ ತುಂಬುತ್ತದೆ, ಮುಂದೆ ಒಂದು 4093, ವೋಲ್ಟೇಜ್ ಒಂದು ಮಟ್ಟ ದಾಟಿದಾಗ ಹೊರಳುವ ಐಸಿ. ಟಿಫಿನ್ ಡಬ್ಬಿಯಲ್ಲೂ ಒಂಬತ್ತು, ಪರದೆಯ ಮೇಲೂ ಒಂಬತ್ತು. ಅದನ್ನೇ ಸಣ್ಣ ಬಿಡಿಭಾಗಗಳಲ್ಲಿ ಬೆಸೆದೆ. ದಪ್ಪ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬದಲು 0603 ಅಳತೆಯ ಸೆರಾಮಿಕ್, ಅಂದರೆ 1.6 ಮಿಲಿಮೀಟರ್ ಉದ್ದ, 0.8 ಅಗಲ. ಸೀನಿದರೆ ಹಾರಿಹೋಗುತ್ತದೆ. ಎರಡು ಹಾರಿಯೂ ಹೋದವು.

ಬೋರ್ಡ್ ಐದೇ ಸೆಕೆಂಡಿಗೆ ಕೂಗಿತು. ಬಂದರಿನಲ್ಲಿ ಕಟ್ಟಿದ್ದ ದೋಣಿಯಲ್ಲೇ, ಪಕ್ಕದಲ್ಲಿ ಇನ್ನೊಂದು ದೋಣಿ ಹಾದುಹೋದಾಗಲೆಲ್ಲ ಪೀಂ ಪೀಂ. ತಾಂಡೇಲರು ಕೇಳಿದರು, “ತಮಾ, ಇದು ನೀರು ಕಂಡು ಕೂಗುದೋ, ಹೆದರಿ ಕೂಗುದೋ?”

ಎರಡು ದಿನ ಬೆಸುಗೆಯನ್ನೇ ಬೈದೆ. ಕಡೆಗೆ ತಯಾರಕರು ಕೊಡುವ ವಿವರಪಟ್ಟಿ, ಡೇಟಾಶೀಟ್, ಓದಿದಾಗ ಗೊತ್ತಾಯಿತು: ಈ ಜಾತಿಯ ಸೆರಾಮಿಕ್‌ಗೆ ಡಿಸಿ ವೋಲ್ಟೇಜ್ ಬಿದ್ದಷ್ಟೂ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಶಕ್ತಿ, ಇಳಿಯುತ್ತದೆ, ಮೈ ಸಣ್ಣದಾದಷ್ಟೂ ಇಳಿತ ಹೆಚ್ಚು. ಮೇಲೆ 10 ಎಂದು ಬರೆದದ್ದು ಸೊನ್ನೆ ವೋಲ್ಟಿನ ಮಾತು. ನನ್ನ ಮಾಡೆಲ್‌ನಲ್ಲಿದ್ದದ್ದು ಬದಲಾಗದ 10. ವೋಲ್ಟೇಜಿಗೆ ತಕ್ಕಂತೆ ಬದಲಾಗುವ ಚಾರ್ಜ್ ಸೂತ್ರವನ್ನು ಕೆಪಾಸಿಟರ್‌ಗೆ ಬರೆದು ಮತ್ತೆ ಓಡಿಸಿದೆ. ಪರದೆಯೂ ಹೆಚ್ಚುಕಡಿಮೆ ಐದು ಎಂದಿತು. ಬೇಸರದ ಜಾಗದಲ್ಲಿ ಸಣ್ಣ ಸಂತೋಷ.

ಹಾಗಾದರೆ 50 ವೋಲ್ಟಿನ 1 ಮೈಕ್ರೋಫ್ಯಾರಡ್ ಹಾಕಿ, ರೆಸಿಸ್ಟರನ್ನು 10 ಮೆಗಾ-ಓಮ್ ಮಾಡಿದರಾಯಿತಲ್ಲ? ಮಾಡಿದೆ, ಮೇಜಿನ ಮೇಲೆ ಸೊಗಸಾಗಿ ನಡೆಯಿತು. ಆಮೇಲೆ ಉಪ್ಪುನೀರಿನಲ್ಲಿ ಹಿಂಡಿದ ಬಟ್ಟೆಯೊಂದಿಗೆ ಬೋರ್ಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಕಂಬಿಯನ್ನು ನೀರಿಗೆ ಅದ್ದಿದರೆ ಅಲಾರಂ ಮೂಕ. ಸುಮ್ಮಸುಮ್ಮನೆ ಕೂಗುವುದಾದರೂ ಬರೀ ಕಿರಿಕಿರಿ. ಕೂಗಬೇಕಾದಾಗ ಕೂಗದಿದ್ದರೆ ದೋಣಿಯೇ ಹೋಗುತ್ತದೆ.

ಬೋರ್ಡಿನ ಮೈಮೇಲಿನ ತೇವ, ಉಪ್ಪು, ಬೆಸುಗೆಯ ಅಂಟು ಸೇರಿ ಕೆಪಾಸಿಟರಿನ ಎರಡು ಕಾಲುಗಳ ನಡುವೆ ಕಾಣದ ದಾರಿ ಮಾಡಿದ್ದವು. ಗೆರೆಗಳು ಹತ್ತಿರ ಬಂದಷ್ಟೂ ಆ ದಾರಿ ಗಿಡ್ಡ. ಮಾಡೆಲ್‌ನಲ್ಲಿ ಕೆಪಾಸಿಟರಿಗೆ ಅಡ್ಡಲಾಗಿ 10 ಮೆಗಾ-ಓಮ್ ಸೋರಿಕೆ ಬರೆದೆ. 12 ವೋಲ್ಟ್ ಅರ್ಧವಾಗಿ ಆರಕ್ಕೇ ನಿಂತಿತು. 4093ಕ್ಕೆ ಬೇಕಾದದ್ದು ಏಳರ ಸುಮಾರು. ನಾನು ಹಾಕಿದ ರೆಸಿಸ್ಟರೂ ಕೊಳೆ ಹಾಕಿದ ರೆಸಿಸ್ಟರೂ ಸಮಬಲ!

ಕೊನೆಗೆ ಒಂದೇ ಕೆಪಾಸಿಟರ್ ತುಂಬುವುದರಿಂದ ಕಾಲ ಅಳೆಯುವುದನ್ನೇ ಬಿಟ್ಟೆ. 4060 ಎಂಬ ಐಸಿ ಹಾಕಿದೆ. ಅದರೊಳಗೆ ಬಡಿತ ಕೊಡುವ ಆಸಿಲೇಟರೂ ಇದೆ, ಎಣಿಸುವ ಹದಿನಾಲ್ಕು ಹಂತಗಳೂ ಇವೆ. 100 ಕಿಲೋ-ಓಮ್, 10 ನ್ಯಾನೋಫ್ಯಾರಡ್‌ಗೆ ಸೆಕೆಂಡಿಗೆ ಸುಮಾರು 435 ಬಡಿತ. 4096 ಎಣಿಸಿದಾಗ ಹದಿಮೂರನೆಯ ಹಂತ ಏಳುತ್ತದೆ, ಅಂದರೆ 9.4 ಸೆಕೆಂಡ್. ನೀರು ಬಿಟ್ಟರೆ ರೀಸೆಟ್, ಎಣಿಕೆ ಮೊದಲಿನಿಂದ. ಕೆಪಾಸಿಟರ್ ಸಿ-ಸೊನ್ನೆ-ಜಿ ಜಾತಿಯದು, ವೋಲ್ಟೇಜಿಗೆ ಜಗ್ಗುವುದಿಲ್ಲ. 10 ಮೆಗಾ-ಓಮ್ ಸೋರಿಕೆ ಮತ್ತೆ ಬರೆದು ಓಡಿಸಿದೆ. 100 ಕಿಲೋ-ಓಮ್ ಮುಂದೆ ಅದು ಲೆಕ್ಕಕ್ಕೇ ಬರಲಿಲ್ಲ. ಒಂದು ಐಸಿ ಹೆಚ್ಚಾದರೂ ಬೋರ್ಡ್ 30ಕ್ಕೆ 22 ಮಿಲಿಮೀಟರಿನಲ್ಲೇ ಮುಗಿಯಿತು.

ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎರಡು ಸಲ ತೊಳೆದು, ಒಣಗಿಸಿ, ಎಪಾಕ್ಸಿ ಸುರಿದೆ. ಮೊದಲನೆಯದರಲ್ಲಿ ಬಜ಼ರಿನ ತೂತಿಗೂ ಸುರಿದುಬಿಟ್ಟೆ. ಅದೀಗ ಅಂಗಡಿಯಲ್ಲಿ ಕಾಗದ ಹಾರದಂತೆ ಇಡುವ ಕಲ್ಲು.

ಎರಡನೆಯದು ಆಗಸ್ಟ್‌ನಿಂದ ದೋಣಿಯಲ್ಲಿದೆ. ಬಜ಼ರ್ ಎಂಜಿನ್ ಸದ್ದಿಗೆ ಕೇಳುವುದಿಲ್ಲವೆಂದು ಸ್ಟಿಯರಿಂಗ್ ಪಕ್ಕ ಕೆಂಪು ದೀಪ ಕೂಡಿಸಿದೆ. ತಳದ ನೀರಿನ ಮೇಲೆ ತೇಲುವ ಡೀಸೆಲ್ ಮಾತ್ರ ಕಂಬಿಗೆ ಹತ್ತಿಕೊಳ್ಳುತ್ತದೆ. ಅದನ್ನು ತಾಂಡೇಲರು ವಾರಕ್ಕೊಮ್ಮೆ ಹಳೇ ಬನಿಯನ್ ತುಂಡಿನಿಂದ ಒರೆಸುತ್ತಾರೆ.