ನಲವತ್ತಾರು ಸುತ್ತು

ನನ್ನ ಬದುಕನ್ನು ಒಂದೇ ಹಾಳೆಯಲ್ಲಿ ಬಿಡಿಸಲು ಕುಳಿತಾಗ ಮೊದಲು ಎಳೆದದ್ದು ನೇರ ಗೆರೆ. ಎಡತುದಿಗೆ ಹುಟ್ಟು, ಬಲತುದಿಗೆ ಇಂದು. ರೈಲಿನ ವೇಳಾಪಟ್ಟಿಯಂತೆ ಕಂಡಿತು. ವೃತ್ತ ಎಳೆದೆ, ಎಲ್ಲ ವರ್ಷಗಳೂ ಒಂದರ ಮೇಲೊಂದು ಬಿದ್ದು ಕಲಸಿಹೋದವು. ಉಳಿದದ್ದು ಸುರುಳಿ: ವರ್ಷಕ್ಕೊಂದು ಸುತ್ತು.

ಯಾವ ಸುರುಳಿ ಎಂಬುದು ಮುಂದಿನ ತಕರಾರು. ಶಂಖದಲ್ಲಿರುವಂತೆ ಸುತ್ತಿನಿಂದ ಸುತ್ತಿಗೆ ಹಿಗ್ಗುತ್ತ ಹೋಗುವುದು ಒಂದು ಬಗೆ. ಗಣಿತಜ್ಞ ಯಾಕೋಬ್ ಬೆರ್ನೂಲಿ ಅದನ್ನೇ ತನ್ನ ಸಮಾಧಿಯ ಮೇಲೆ ಕೆತ್ತಿಸಬೇಕೆಂದು ಬಯಸಿದ್ದ, ‘ಬದಲಾದರೂ ಅದೇ ಆಗಿ ಮತ್ತೆ ಏಳುತ್ತೇನೆ’ ಎಂಬ ಮಾತಿನೊಂದಿಗೆ. 1705ರಲ್ಲಿ ಆತ ತೀರಿಕೊಂಡ ಮೇಲೆ ಕಲ್ಲುಕುಟಿಗ ಕೆತ್ತಿದ್ದು ಸುತ್ತುಗಳ ನಡುವೆ ಸಮ ಅಂತರವಿರುವ ಆರ್ಕಿಮಿಡೀಸನ ಸುರುಳಿಯನ್ನು. ನಾನು ಕಲ್ಲುಕುಟಿಗನ ಪಕ್ಷ. ಸುತ್ತಿಗೊಮ್ಮೆ ದುಪ್ಪಟ್ಟಾಗುವ ಸುರುಳಿಯಾದರೆ 1 ಮಿ.ಮೀ.ನಿಂದ ಹೊರಟರೂ ಹತ್ತೇ ಸುತ್ತಿಗೆ ಒಂದು ಮೀಟರ್ ದಾಟುತ್ತದೆ. ಅಷ್ಟು ದೊಡ್ಡ ಹಾಳೆಯೂ ಇಲ್ಲ, ಅಷ್ಟು ದೊಡ್ಡ ಬದುಕೂ ನನ್ನದಲ್ಲ.

ಮೊಳೆಗೆ ದಾರ ಸುತ್ತಿ, ತುದಿಗೆ ಪೆನ್ಸಿಲ್ ಕಟ್ಟಿ, ದಾರ ಬಿಚ್ಚುತ್ತ ಎಳೆದು ನೋಡಿದೆ. ದಾರದ ಮೇಲೆ ದಾರ ಕುಳಿತಿದ್ದರಿಂದ ನಡುವಿನ ಸುತ್ತುಗಳು ಅಗಲವಾಗಿ, ಹೊರಗಿನವು ಇಕ್ಕಟ್ಟಾಗಿ ಬಂದವು. ಹಾಳೆ ಹರಿದೆ. ಆಮೇಲೆ 60 ಸೆಂ.ಮೀ. ಚೌಕದ ಹಾಳೆಯ ನಡುವಿನಿಂದ 30 ಡಿಗ್ರಿಗೊಂದರಂತೆ ಹನ್ನೆರಡು ಗೆರೆ ಎಳೆದೆ, ತಿಂಗಳಿಗೊಂದು. ಪ್ರತಿ ಗೆರೆ ದಾಟುವಾಗ ಅರ್ಧ ಮಿ.ಮೀ. ಹೊರಗೆ ಚುಕ್ಕೆ. ಸುತ್ತಿಗೆ 6 ಮಿ.ಮೀ., ನಲವತ್ತಾರು ಸುತ್ತಿಗೆ 552 ಚುಕ್ಕೆ. ಕಣ್ಣು ಉರಿಯಿತು, ನಿಜ. ಆದರೆ ಕೈ ತಪ್ಪಲಿಲ್ಲ.

ಆಮೇಲೆ ಘಟನೆಗಳನ್ನು ಗುರುತಿಸಿದೆ. ಆಗಸ್ಟ್ ಗೆರೆಯ ಏಳನೆಯ ಸುತ್ತಿನಲ್ಲಿ ನಾನು ಸೈಕಲ್ ಕಲಿತದ್ದು. ಹಿಂದಿನಿಂದ ಸೀಟು ಹಿಡಿದು ಓಡಿದವರು ಅಪ್ಪ. ಅದೇ ಗೆರೆಯ ಮೂವತ್ತೊಂದನೆಯ ಸುತ್ತಿನಲ್ಲಿ ಅಪ್ಪ ಹೋದರು. ಎರಡು ಚುಕ್ಕೆಗಳ ನಡುವೆ ಒಂದು ಗೇಣೂ ಇಲ್ಲ. ಮರುವರ್ಷದ ಆಗಸ್ಟ್ ಎರಡನೆಯ ಚುಕ್ಕೆಯ ಪಕ್ಕದಲ್ಲೇ, ಬರೀ 6 ಮಿ.ಮೀ. ಆಚೆ ಹಾದುಹೋಗಿದೆ. ಆ ವರ್ಷ ನಾನು ಯಾರೊಂದಿಗೂ ಮಾತನಾಡದೆ ಕುಳಿತದ್ದು ನೆನಪಾಯಿತು. ಈ ಸಲದ ಆಗಸ್ಟ್ 9 ಸೆಂ.ಮೀ. ದೂರದಲ್ಲಿದೆ.

ಒಂದು ಕೊರತೆ ಮಾತ್ರ ಕಾಡಿತು. ಬಾಲ್ಯದ ಬೇಸಿಗೆಗಳು ಮುಗಿಯದಷ್ಟು ಉದ್ದವಿದ್ದವು. ಇಲ್ಲಿ ಅವೇ ನಡುವಿನ ಪುಟ್ಟ ಸುತ್ತುಗಳಲ್ಲಿ ಮುದುಡಿವೆ. ಹಾಗಾದರೆ ಹೊರಗಿನಿಂದ ಒಳಕ್ಕೆ ಬರೆದರಾಯಿತು, ವಯಸ್ಸಾದಂತೆ ವರ್ಷಗಳು ಚಿಕ್ಕವಾಗುತ್ತವೆ ಎಂದು ಹೊಸ ಹಾಳೆ ತೆಗೆದೆ. ಒಟ್ಟು ಎಷ್ಟು ಸುತ್ತು ಎಂದು ಮೊದಲೇ ನಿಗದಿ ಮಾಡದೆ ಮೊದಲ ಚುಕ್ಕೆ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಮೂಲೆಯಲ್ಲಿ 80 ಎಂದು ಬರೆದೆ, ಅಳಿಸಿದೆ, 75 ಎಂದು ಬರೆದೆ. ಹಾಳೆಯನ್ನು ಮಡಿಸಿಟ್ಟೆ.

ಹಳೆಯದೇ ಗೋಡೆಯ ಮೇಲಿದೆ. ಅಂಚಿಗೆ ಇನ್ನು 2.4 ಸೆಂ.ಮೀ., ಅಂದರೆ ನಾಲ್ಕು ಸುತ್ತು. ಸುತ್ತಲೂ ಅಂಟಿಸಲು ಕಾಗದದ ಪಟ್ಟಿಗಳನ್ನು ಕತ್ತರಿಸಿಟ್ಟಿದ್ದೇನೆ.